ಭೂಫಲಕಗಳು ಕೂಡುವ ಎಡೆಗಳಲ್ಲೆಲ್ಲ ಒಂದೇ ಬಗೆಯ ನೆಲ ಏಕೆ ಮೂಡುವುದಿಲ್ಲ?

ಪ್ರಶ್ನೆ: ಭೂಗೋಳಪ್ರಿಯ

ಭೂಫಲಕಗಳ, ಅಂದರೆ ಭೂಮಿಯ ಹೊರಪದರದ ಚಲಿಸುವ ಬೃಹತ್ ತುಂಡುಗಳ, ಅಂಚುಗಳನ್ನು ಪಠ್ಯಪುಸ್ತಕಗಳು ಮೂರು ಬಗೆಯಾಗಿ ವಿಂಗಡಿಸುತ್ತವೆ. ಫಲಕಗಳು ಪರಸ್ಪರ ದೂರ ಸರಿಯುವ ಅಂಚು ಒಂದು, ಎದುರುಬದುರಾಗಿ ಬಂದು ಕೂಡುವ ಅಂಚು ಇನ್ನೊಂದು, ಅಕ್ಕಪಕ್ಕದಲ್ಲಿ ಉಜ್ಜಿಕೊಂಡು ಜಾರುವ ಅಂಚು ಮತ್ತೊಂದು. ವಿಂಗಡಣೆಯೇನೋ ಅರ್ಥವಾಗುತ್ತದೆ. ಆದರೆ ಭೂಪಟವನ್ನು ಎದುರಿಗಿಟ್ಟುಕೊಂಡು ಒಂದೊಂದೇ ಅಂಚನ್ನು ಗಮನಿಸುತ್ತ ಹೋದರೆ, ಒಂದೇ ಗುಂಪಿಗೆ ಸೇರಿದ ಅಂಚುಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತವೆ.

ಮರಿಯಾನಾ ಕಂದಕ, ಆಂಡಿಸ್ ಪರ್ವತಗಳು, ಹಿಮಾಲಯ ಈ ಮೂರನ್ನೇ ತೆಗೆದುಕೊಳ್ಳಿ. ಮೂರೂ ಕಡೆ ಫಲಕಗಳು ಒಂದರತ್ತ ಒಂದು ಸಾಗುತ್ತಿವೆ. ಮರಿಯಾನಾದಲ್ಲಿ ಸುಮಾರು 10,900 ಮೀಟರ್ ಆಳದ ಕಂದಕವಿದೆ, ಪಕ್ಕದಲ್ಲಿ ಪುಟ್ಟ ಜ್ವಾಲಾಮುಖಿ ದ್ವೀಪಗಳ ಸಾಲಿದೆ, ಹೇಳಿಕೊಳ್ಳುವಂಥ ಪರ್ವತಶ್ರೇಣಿ ಇಲ್ಲ. ಆಂಡಿಸ್‌ನಲ್ಲಿ ಕಂದಕ, ಪರ್ವತ, ಜ್ವಾಲಾಮುಖಿ ಮೂರೂ ಇವೆ. ಹಿಮಾಲಯದಲ್ಲಿ ಜಗತ್ತಿನ ಅತಿ ಎತ್ತರದ ಶಿಖರಗಳಿವೆ, ಆದರೆ ಕಂದಕವೂ ಇಲ್ಲ, ಸಕ್ರಿಯ ಜ್ವಾಲಾಮುಖಿಗಳೂ ಇಲ್ಲ. ಕಾರಣ ಒಂದೇ ಆಗಿದ್ದರೆ ಪರಿಣಾಮಗಳು ಇಷ್ಟು ಬೇರೆಯಾಗುವುದು ಹೇಗೆ?

ದೂರ ಸರಿಯುವ ಅಂಚುಗಳ ಬಗೆಗೂ ಇದೇ ಸಂದೇಹವಿದೆ. ಫಲಕಗಳು ಬೇರ್ಪಟ್ಟರೆ ನೆಲ ತಗ್ಗಬೇಕೆಂದು ತೋರುತ್ತದೆ. ಪೂರ್ವ ಆಫ್ರಿಕಾದಲ್ಲಿ ಕಣಿವೆಯೇ ಆಗಿದೆ ನಿಜ, ಆದರೆ ಅಟ್ಲಾಂಟಿಕ್ ಸಾಗರದ ನಡುವೆ ಪರ್ವತಶ್ರೇಣಿ ಎದ್ದು ನಿಂತಿದೆ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿಕೊಡಬೇಕು. ಹೆಸರುಗಳ ಪಟ್ಟಿಗಿಂತ ಒಳಗೆ ನಡೆಯುವ ಕ್ರಿಯೆಯ ವಿವರಣೆ ನನಗೆ ಬೇಕಾಗಿದೆ.


ಉತ್ತರ: ಶಿಲಾಸಕ್ತ

ಫಲಕಗಳು ಯಾವ ದಿಕ್ಕಿಗೆ ಚಲಿಸುತ್ತಿವೆ ಎಂಬುದು ಅರ್ಧ ಸಂಗತಿಯನ್ನಷ್ಟೇ ಹೇಳುತ್ತದೆ. ಎದುರಾಗುತ್ತಿರುವ ಶಿಲೆ ಯಾವುದು, ಅದರ ವಯಸ್ಸೆಷ್ಟು, ಅದು ಎಷ್ಟು ತಣ್ಣಗಾಗಿದೆ, ತನ್ನೊಡನೆ ಎಷ್ಟು ನೀರನ್ನು ಹೊತ್ತು ತಂದಿದೆ ಎಂಬುದರ ಮೇಲೆ ಉಳಿದರ್ಧ ನಿಂತಿದೆ. ನೀವು ಕೇಳಿದ ಮೂರು ಸ್ಥಳಗಳನ್ನು ಈ ದೃಷ್ಟಿಯಿಂದ ನೋಡೋಣ.

ಸಾಗರತಳದ ಭೂಕವಚ ಬಸಾಲ್ಟ್ ಜಾತಿಯ ಶಿಲೆಯಿಂದಾಗಿದ್ದು ಸರಾಸರಿ 7 ಕಿ.ಮೀ.ಯಷ್ಟೇ ದಪ್ಪವಿದೆ. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3 ಗ್ರಾಂ. ಖಂಡಗಳ ಭೂಕವಚ ಬಹುಪಾಲು ಗ್ರಾನೈಟ್‌ನಂಥ ಹಗುರ ಶಿಲೆಗಳದ್ದು. ಅದರ ದಪ್ಪ ಸಾಮಾನ್ಯವಾಗಿ 35ರಿಂದ 40 ಕಿ.ಮೀ., ಸಾಂದ್ರತೆ ಸುಮಾರು 2.7. ಇವೆರಡರ ಕೆಳಗಿರುವ ದಪ್ಪ ಶಿಲಾಪದರವಾದ ಮ್ಯಾಂಟಲ್‌ನ ಮೇಲ್ಭಾಗದ ಸಾಂದ್ರತೆ ಸುಮಾರು 3.3. ಫಲಕವೆಂದರೆ ಭೂಕವಚ ಮಾತ್ರವಲ್ಲ, ಅದಕ್ಕೆ ಅಂಟಿಕೊಂಡು ಗಟ್ಟಿಯಾಗಿರುವ ಮ್ಯಾಂಟಲ್‌ನ ಭಾಗವೂ ಸೇರಿದ್ದು ಎಂಬುದನ್ನು ಇಲ್ಲಿ ನೆನಪಿಡಬೇಕು. ಸಾಗರದ ಫಲಕ ಹುಟ್ಟಿದಾಗ ಬಿಸಿಯಾಗಿಯೂ ತೆಳುವಾಗಿಯೂ ಇರುತ್ತದೆ. ಕೋಟ್ಯಂತರ ವರ್ಷ ಸಾಗುತ್ತ ತಣ್ಣಗಾದಂತೆ ಅದರ ತಳಕ್ಕೆ ಮ್ಯಾಂಟಲ್‌ನ ತಂಪು ಶಿಲೆ ಸೇರಿಕೊಂಡು ಅದು ದಪ್ಪವಾಗುತ್ತದೆ, ಕೊನೆಗೆ ತನ್ನ ಕೆಳಗಿರುವ ಬಿಸಿ ಮ್ಯಾಂಟಲ್‌ಗಿಂತಲೂ ಭಾರವಾಗುತ್ತದೆ. ಅಂಥ ಫಲಕಕ್ಕೆ ಮುಳುಗಲು ಒಂದು ಅವಕಾಶ ಸಿಕ್ಕರೆ ಸಾಕು, ತನ್ನ ಭಾರದಿಂದಲೇ ಅದು ಕೆಳಗಿಳಿಯುತ್ತದೆ. ಹೀಗೆ ಇಳಿಯುವ ಭಾಗ ಹಿಂದಿನ ಫಲಕವನ್ನೆಲ್ಲ ಎಳೆದುಕೊಳ್ಳುವುದೇ ಫಲಕಗಳ ಚಲನೆಯ ಮುಖ್ಯ ಶಕ್ತಿಯೆಂದು ಭೂವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪುತ್ತಾರೆ.

ಮರಿಯಾನಾದಲ್ಲಿ ನಡೆಯುತ್ತಿರುವುದು ಇದೇ. ಅಲ್ಲಿ ಕೆಳಗಿಳಿಯುತ್ತಿರುವ ಪೆಸಿಫಿಕ್ ಫಲಕದ ಭಾಗ 15 ಕೋಟಿ ವರ್ಷಕ್ಕೂ ಹಳೆಯದು, ಭೂಮಿಯ ಸಾಗರತಳದಲ್ಲಿ ಇಂದು ಉಳಿದಿರುವ ಅತಿ ಹಳೆಯ ಭಾಗಗಳಲ್ಲೊಂದು. ತಣ್ಣಗಾಗಿ ಭಾರವಾದ ಆ ಫಲಕ ಮ್ಯಾಂಟಲ್‌ನೊಳಗೆ ಹೆಚ್ಚುಕಡಿಮೆ ಲಂಬವಾಗಿ ಇಳಿಯುತ್ತದೆ. ಮೇಲಿರುವ ಫಿಲಿಪೀನ್ ಸಮುದ್ರ ಫಲಕವನ್ನು ಅದು ಒತ್ತುವುದೇ ಇಲ್ಲ. ಒತ್ತುವುದರ ಬದಲು ಬಾಗುವ ಸ್ಥಾನವೇ ಹಿಂದೆ ಸರಿಯುವುದರಿಂದ ಮೇಲಿನ ಫಲಕ ಹಿಗ್ಗಿ ಸೀಳುತ್ತದೆ, ಮರಿಯಾನಾ ದ್ವೀಪಗಳ ಬೆನ್ನಿಗೆ ಪಶ್ಚಿಮದಲ್ಲಿ ಹೊಸ ಸಾಗರತಳ ತೆರೆದುಕೊಳ್ಳುತ್ತಿದೆ. ಫಲಕಗಳು ಕೂಡುವ ಅಂಚಿನ ಪಕ್ಕದಲ್ಲೇ ನೆಲ ಹಿಗ್ಗುತ್ತಿರುವ ಈ ಸ್ಥಿತಿಯಲ್ಲಿ ಪರ್ವತ ಹುಟ್ಟುವ ಮಾತೆಲ್ಲಿ? ಅಲ್ಲಿ ಉಳಿಯುವುದು ಕಂದಕದ ಆಳ ಮಾತ್ರ.

ಆಂಡಿಸ್‌ಗೆ ಬಂದರೆ ಇಳಿಯುವ ನಾಜ್ಕಾ ಫಲಕ ಹೋಲಿಕೆಯಲ್ಲಿ ಎಳೆಯದು, ಕಂದಕದ ಬಳಿ ಅದರ ವಯಸ್ಸು ಸುಮಾರು 5 ಕೋಟಿ ವರ್ಷ ಅಥವಾ ಅದಕ್ಕಿಂತ ಕಡಿಮೆ. ಇನ್ನೂ ಸಾಕಷ್ಟು ತೇಲುವ ಗುಣವಿರುವುದರಿಂದ ಅದು ಓರೆಯಾಗಿ, ಮೇಲಿನ ಖಂಡದ ತಳವನ್ನು ಉಜ್ಜುತ್ತ ಇಳಿಯುತ್ತದೆ. ಅತ್ತ ದಕ್ಷಿಣ ಅಮೆರಿಕ ಖಂಡವೂ ಪಶ್ಚಿಮಕ್ಕೆ ಸಾಗುತ್ತ ಅದರ ಮೇಲೇರುತ್ತದೆ. ವರ್ಷಕ್ಕೆ ಸುಮಾರು 7 ಸೆಂ.ಮೀ. ವೇಗದ ಈ ಮುಖಾಮುಖಿಯಲ್ಲಿ ಖಂಡದ ಅಂಚು ಕುಗ್ಗಿ, ಮಡಿಚಿಕೊಂಡು, ಭೂಕವಚ ಕೆಲವೆಡೆ 70 ಕಿ.ಮೀ. ದಪ್ಪಕ್ಕೆ ಬೆಳೆದಿದೆ. ಉತ್ತರ ಚಿಲಿಯ ತೀರದಾಚೆ ಕಂದಕ ಸುಮಾರು 8,000 ಮೀಟರ್ ಆಳವಿದೆ. ಅಲ್ಲಿಂದ ಸುಮಾರು 300 ಕಿ.ಮೀ. ಒಳನಾಡಿನಲ್ಲಿ ಯುಯಾಯಾಕೋ ಜ್ವಾಲಾಮುಖಿ 6,739 ಮೀಟರ್ ಎತ್ತರದಲ್ಲಿ ನಿಂತಿದೆ. ಕಂದಕದ ತಳದಿಂದ ಆ ಶಿಖರದ ತುದಿಯವರೆಗೆ ಎತ್ತರದ ಅಂತರ 15 ಕಿ.ಮೀ.ಗೆ ಹತ್ತಿರವಾಗುತ್ತದೆ. ಒಂದೇ ಅಂಚು ಇಷ್ಟು ಕಿರಿದಾದ ಪಟ್ಟಿಯಲ್ಲಿ ಇಷ್ಟೊಂದು ಏರಿಳಿತವನ್ನು ಉಂಟುಮಾಡಿರುವುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಜ್ವಾಲಾಮುಖಿಗಳ ವಿಷಯವನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಕೆಳಗಿಳಿದ ಫಲಕವೇ ಕರಗಿ ಶಿಲಾಪಾಕವಾಗಿ ಮೇಲೆ ಬರುತ್ತದೆ ಎಂಬ ವಿವರಣೆ ಬಹಳ ಕಡೆ ಕಾಣಸಿಗುತ್ತದೆ. ಸಾಮಾನ್ಯವಾಗಿ ನಡೆಯುವುದು ಹಾಗಲ್ಲ. ಸಾಗರದಡಿಯಲ್ಲಿ ದೀರ್ಘಕಾಲವಿದ್ದ ಶಿಲೆಯ ಖನಿಜಗಳಲ್ಲಿ ನೀರು ಸೇರಿಕೊಂಡಿರುತ್ತದೆ. ಫಲಕ ಸುಮಾರು 100 ಕಿ.ಮೀ. ಆಳಕ್ಕೆ ಇಳಿಯುವಷ್ಟರಲ್ಲಿ ಒತ್ತಡ ಮತ್ತು ಶಾಖದಿಂದ ಆ ಖನಿಜಗಳು ಒಡೆದು ನೀರನ್ನು ಬಿಟ್ಟುಕೊಡುತ್ತವೆ, ಆ ನೀರು ಮೇಲಿರುವ ಬಿಸಿ ಮ್ಯಾಂಟಲ್‌ಗೆ ಸೇರಿ ಅದರ ಕರಗುವ ತಾಪವನ್ನು ತಗ್ಗಿಸುತ್ತದೆ. ಕರಗುವುದು ಮುಖ್ಯವಾಗಿ ಈ ಮ್ಯಾಂಟಲ್. ಆದ್ದರಿಂದಲೇ ಜ್ವಾಲಾಮುಖಿಗಳ ಸಾಲು ಕಂದಕದ ಮೇಲೆಯೇ ಇರದೆ, ಫಲಕ ಆ ಆಳವನ್ನು ಮುಟ್ಟುವ ಜಾಗದ ನೇರಕ್ಕೆ, ಕಂದಕದಿಂದ ಸಾಕಷ್ಟು ದೂರದಲ್ಲಿ ಮೂಡುತ್ತದೆ. ಇದಕ್ಕೆ ಆಂಡಿಸ್‌ನಲ್ಲಿಯೇ ಒಳ್ಳೆಯ ಪುರಾವೆಯಿದೆ. ಪೆರುವಿನ ಉತ್ತರ ಮತ್ತು ಮಧ್ಯ ಭಾಗದಲ್ಲಿ ನಾಜ್ಕಾ ಫಲಕ ಸ್ವಲ್ಪ ದೂರ ಇಳಿದ ಮೇಲೆ ಹೆಚ್ಚುಕಡಿಮೆ ಅಡ್ಡಡ್ಡವಾಗಿ ಚಲಿಸುತ್ತದೆ, ಅದಕ್ಕೂ ಮೇಲಿನ ಖಂಡಕ್ಕೂ ನಡುವೆ ಬಿಸಿ ಮ್ಯಾಂಟಲ್‌ಗೆ ಜಾಗವೇ ಉಳಿಯುವುದಿಲ್ಲ. ಅಷ್ಟು ಉದ್ದಕ್ಕೂ ಪರ್ವತಗಳು ಎತ್ತರವಾಗಿವೆ, ಸಕ್ರಿಯ ಜ್ವಾಲಾಮುಖಿಗಳು ಮಾತ್ರ ಇಲ್ಲ.

ಇನ್ನು ಹಿಮಾಲಯ. ಭಾರತ ಫಲಕದ ಮುಂಭಾಗದಲ್ಲಿ ಒಂದು ಕಾಲಕ್ಕೆ ಟೆಥಿಸ್ ಸಾಗರದ ತಳವಿತ್ತು, ಅದು ಏಷ್ಯಾದ ಅಡಿಗೆ ಇಳಿಯುತ್ತಿದ್ದಾಗ ಏಷ್ಯಾದ ದಕ್ಷಿಣ ಅಂಚು ಇಂದಿನ ಆಂಡಿಸ್‌ನಂತೆಯೇ ಇತ್ತು. ಲಡಾಖ್‌ನ ವಿಶಾಲ ಗ್ರಾನೈಟ್ ಬೆಟ್ಟಗಳು ಆ ಕಾಲದ ಜ್ವಾಲಾಮುಖಿ ಸಾಲಿನ ಬೇರುಗಳು, ಮೇಲಿನ ಜ್ವಾಲಾಮುಖಿಗಳು ಸವೆದುಹೋದ ಮೇಲೆ ಹೊರಬಿದ್ದವು. ಸುಮಾರು 5 ಕೋಟಿ ವರ್ಷಗಳ ಹಿಂದೆ ಸಾಗರತಳ ಮುಗಿದು ಅದರ ಹಿಂದಿದ್ದ ಭಾರತದ ಖಂಡಭಾಗವೇ ಏಷ್ಯಾಕ್ಕೆ ಎದುರಾಯಿತು. ಖಂಡದ ಭೂಕವಚ ಹಗುರವಾದದ್ದರಿಂದ ಸಾಗರತಳದಂತೆ ಮ್ಯಾಂಟಲ್‌ನಲ್ಲಿ ಮುಳುಗಿಹೋಗಲಾರದು. ಹೀಗಾಗಿ ಭಾರತದ ಮೇಲ್ಪದರಗಳು ಹಾಳೆಹಾಳೆಯಾಗಿ ಕಿತ್ತು ಒಂದರ ಮೇಲೊಂದು ಪೇರಿಕೊಂಡವು, ಉಳಿದ ಭಾಗ ಟಿಬೆಟ್‌ನ ಅಡಿಗೆ ತೂರಿಕೊಂಡಿತು. ಸಾಗರದ ನೀರನ್ನು ಹೊತ್ತ ಫಲಕ ಒಳಗೆ ಹೋಗುವುದು ನಿಂತದ್ದರಿಂದ ಜ್ವಾಲಾಮುಖಿಗಳೂ ಆರಿದವು. ಎವರೆಸ್ಟ್ ಶಿಖರದ ತುದಿಯಲ್ಲಿರುವುದು ಸಮುದ್ರದಲ್ಲಿ ರೂಪುಗೊಂಡ ಸುಣ್ಣಕಲ್ಲು, ಅದರಲ್ಲಿ 40 ಕೋಟಿ ವರ್ಷಕ್ಕೂ ಹಿಂದಿನ ಟ್ರೈಲೊಬೈಟ್ ಮತ್ತು ಕ್ರಿನಾಯ್ಡ್ ಜೀವಿಗಳ ಚೂರುಗಳಿವೆ. ಭಾರತದ ಉತ್ತರ ಅಂಚಿನ ಆಳವಿಲ್ಲದ ಕಡಲಿನಲ್ಲಿ ಸಂಚಯವಾದ ಪದರ ಇಂದು 8,848 ಮೀಟರ್ ಎತ್ತರದಲ್ಲಿದೆ.

ಎತ್ತರ ಉಳಿದುಕೊಳ್ಳುವುದಕ್ಕೆ ಕಾರಣವೂ ಸಾಂದ್ರತೆಯೇ. ನೀರಿನ ಮೇಲೆ ತೇಲುವ ದಪ್ಪ ದಿಮ್ಮಿ ತೆಳು ಹಲಗೆಗಿಂತ ಹೆಚ್ಚು ಮೇಲಕ್ಕೆ ಎದ್ದಿರುವಂತೆ, ಅದರ ಹೆಚ್ಚಿನ ಭಾಗ ನೀರೊಳಗೇ ಇರುವಂತೆ, ದಪ್ಪಗೊಂಡ ಭೂಕವಚ ಮ್ಯಾಂಟಲ್‌ನ ಮೇಲೆ ಎತ್ತರಕ್ಕೆ ನಿಲ್ಲುತ್ತದೆ. ಟಿಬೆಟ್‌ನ ಪ್ರಸ್ಥಭೂಮಿ ಸರಾಸರಿ 4,500 ಮೀಟರಿಗೂ ಎತ್ತರದಲ್ಲಿರುವುದು ಅದರಡಿಯ ಭೂಕವಚ ಸಾಮಾನ್ಯ ಖಂಡಕ್ಕಿಂತ ಸುಮಾರು ಎರಡು ಪಟ್ಟು ದಪ್ಪವಿರುವುದರಿಂದ.


ಉತ್ತರ: ಕಡಲಾಳ

ಶಿಲಾಸಕ್ತರ ವಿವರಣೆಗೆ ಪೂರಕವಾಗಿ, ಫಲಕಗಳು ದೂರ ಸರಿಯುವ ಅಂಚುಗಳ ಬಗ್ಗೆ ಬರೆಯುತ್ತೇನೆ. ಅಲ್ಲಿಯೂ ನೆಲದ ಎತ್ತರವನ್ನು ನಿರ್ಧರಿಸುವುದು ಶಾಖವೇ.

ಎರಡು ಫಲಕಗಳು ಅಗಲಿದಾಗ ಕೆಳಗಿನ ಮ್ಯಾಂಟಲ್ ಆ ಜಾಗಕ್ಕೆ ಏರಿ ಬರುತ್ತದೆ. ಮೇಲೇರಿದಂತೆ ಒತ್ತಡ ಕಡಿಮೆಯಾಗುವುದರಿಂದ, ಹೊರಗಿನಿಂದ ಹೆಚ್ಚಿನ ಶಾಖವೇನೂ ಸಿಗದಿದ್ದರೂ ಅದರ ಒಂದಂಶ ಕರಗುತ್ತದೆ, ಆ ಕರಗಿದ ಪಾಕವೇ ಹೊಸ ಸಾಗರತಳವಾಗಿ ಗಟ್ಟಿಯಾಗುತ್ತದೆ. ಹೊಸತಾದ್ದರಿಂದ ಅದು ಬಿಸಿಯಾಗಿ, ಹಿಗ್ಗಿ, ಎತ್ತರವಾಗಿರುತ್ತದೆ. ಸಾಗರಮಧ್ಯದ ಏಣಿನ (ನೀರಡಿಯ ಪರ್ವತಸಾಲಿನ) ನೆತ್ತಿ ಸಾಮಾನ್ಯವಾಗಿ ಸುಮಾರು 2,500 ಮೀಟರ್ ಆಳದಲ್ಲಿದ್ದರೆ, ಅಲ್ಲಿಯೇ ಹುಟ್ಟಿ ಹತ್ತು ಕೋಟಿ ವರ್ಷ ಕಳೆದ ಸಾಗರತಳ ತಣ್ಣಗಾಗಿ ಕುಗ್ಗಿ 5,500 ಮೀಟರಿಗೂ ಕೆಳಗಿಳಿದಿರುತ್ತದೆ. ನೀವು ಅಟ್ಲಾಂಟಿಕ್‌ನ ನಡುವೆ ಕಾಣುವ ಶ್ರೇಣಿ ಒತ್ತಡದಿಂದ ಮಡಿಚಿ ಎದ್ದದ್ದಲ್ಲ, ಇನ್ನೂ ತಣ್ಣಗಾಗದ ನೆಲ ತನ್ನ ಸುತ್ತಲಿನ ತಣ್ಣನೆಯ ನೆಲಕ್ಕಿಂತ ಎತ್ತರದಲ್ಲಿ ನಿಂತಿರುವುದು ಮಾತ್ರ. ಇಂಥ ಏಣುಗಳ ಜಾಲ ಎಲ್ಲ ಸಾಗರಗಳನ್ನೂ ಸೇರಿಸಿ ಸುಮಾರು 65,000 ಕಿ.ಮೀ. ಉದ್ದವಿದೆ. ಭೂಮಿಯ ಮೇಲಿನ ಅತಿ ಉದ್ದದ ಪರ್ವತಶ್ರೇಣಿಯ ಬಹುಪಾಲು ಮನುಷ್ಯರ ಕಣ್ಣಿಗೆ ಬೀಳದೆ ನೀರಿನಡಿಯೇ ಇದೆ.

ವೇಗವೂ ರೂಪವನ್ನು ಬದಲಿಸುತ್ತದೆ. ಅಟ್ಲಾಂಟಿಕ್ ವರ್ಷಕ್ಕೆ ಸುಮಾರು 2.5 ಸೆಂ.ಮೀ.ನಷ್ಟು ನಿಧಾನವಾಗಿ ಅಗಲಗೊಳ್ಳುತ್ತದೆ. ಪಾಕದ ಪೂರೈಕೆ ಕಡಿಮೆ, ನೆಲ ತಣ್ಣಗಾಗಿ ಪೆಡಸಾಗಲು ಸಮಯ ಹೆಚ್ಚು, ಆದ್ದರಿಂದ ಏಣಿನ ನೆತ್ತಿಯ ಉದ್ದಕ್ಕೂ ಒಂದೆರಡು ಕಿ.ಮೀ. ಆಳದ ಸೀಳು ಕಣಿವೆ ಬಿದ್ದಿದೆ. ಪೂರ್ವ ಪೆಸಿಫಿಕ್ ಏಣಿನ ಕೆಲವು ಭಾಗಗಳು ವರ್ಷಕ್ಕೆ 15 ಸೆಂ.ಮೀ.ನಷ್ಟು ಅಗಲುತ್ತವೆ. ಅಲ್ಲಿ ಪಾಕ ಧಾರಾಳವಾಗಿ ಒದಗುವುದರಿಂದ ಅಂಥ ಆಳದ ಕಣಿವೆಯಿಲ್ಲ, ಏಣು ಅಗಲವಾಗಿ ನುಣುಪಾಗಿ ಹರಡಿದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಭೂವಿಜ್ಞಾನಿ ಮೇರಿ ಥಾರ್ಪ್ ಹಡಗುಗಳು ತಂದ ಪ್ರತಿಧ್ವನಿ ಅಳತೆಗಳನ್ನು ಒಂದೊಂದಾಗಿ ಕಾಗದದ ಮೇಲೆ ಗುರುತಿಸುತ್ತ ಹೋದಾಗ ಕಂಡುಕೊಂಡದ್ದು ಅಟ್ಲಾಂಟಿಕ್‌ನ ಈ ಸೀಳು ಕಣಿವೆಯನ್ನೇ. ಅವರ ಸಹೋದ್ಯೋಗಿ ಬ್ರೂಸ್ ಹೀಜನ್ ಮೊದಲಿಗೆ ಅದನ್ನು ಒಪ್ಪಲಿಲ್ಲ, ಭೂಕಂಪಗಳ ಕೇಂದ್ರಗಳು ಸರಿಯಾಗಿ ಅದೇ ಕಣಿವೆಯ ಗುಂಟ ಸಾಲುಗಟ್ಟಿರುವುದು ಕಂಡ ಮೇಲೆ ಸಂದೇಹ ಕರಗಿತು. ಫಲಕ ಸಿದ್ಧಾಂತದ ಇತಿಹಾಸದಲ್ಲಿ ಈ ನಕ್ಷೆಗೆ ಸಿಗಬೇಕಾದ ಮನ್ನಣೆ ತಡವಾಗಿ ಸಿಕ್ಕಿತೆಂದು ನಾನು ನಂಬುತ್ತೇನೆ.

ಖಂಡದೊಳಗೆ ಸೀಳು ಬಿದ್ದಾಗ ಕಥೆ ಬೇರೆ. ಅಲ್ಲಿ ಮೊದಲಿಗೆ ಹೊಸ ನೆಲ ಹುಟ್ಟುವುದಿಲ್ಲ, ಇರುವ ದಪ್ಪ ಭೂಕವಚವೇ ಎಳೆತಕ್ಕೆ ತೆಳುವಾಗಿ, ಸ್ತರಭಂಗಗಳ (ಶಿಲೆ ಒಡೆದು ಜಾರುವ ಬಿರುಕುಗಳ) ನಡುವಿನ ಪಟ್ಟಿ ಕುಸಿಯುತ್ತದೆ. ಕುಸಿದ ಪಟ್ಟಿಯಲ್ಲಿ ನೀರು ನಿಂತು ಉದ್ದನೆಯ ಆಳವಾದ ಸರೋವರಗಳಾಗುತ್ತವೆ. ಟ್ಯಾಂಗನಿಕಾ ಸರೋವರ ಸುಮಾರು 1,470 ಮೀಟರ್ ಆಳವಿದ್ದು, ಅದರ ತಳ ಸಮುದ್ರಮಟ್ಟಕ್ಕಿಂತ ಎಷ್ಟೋ ಕೆಳಗಿದೆ. ಸೀಳು ಮುಂದುವರಿದರೆ ಕೊನೆಗೆ ಕಡಲೇ ಒಳನುಗ್ಗುತ್ತದೆ. ಕೆಂಪು ಸಮುದ್ರ ಹೀಗೆ ಹುಟ್ಟಿದ್ದು. ಪೂರ್ವ ಆಫ್ರಿಕಾದ ಸೀಳು, ಕೆಂಪು ಸಮುದ್ರ, ಏಡನ್ ಕೊಲ್ಲಿ ಈ ಮೂರೂ ಕೂಡುವ ಇಥಿಯೋಪಿಯಾದ ಅಫಾರ್ ಪ್ರದೇಶದಲ್ಲಿ ಖಂಡ ಸಾಗರತಳವಾಗಿ ಮಾರ್ಪಡುವ ಹಂತವನ್ನು ಒಣ ನೆಲದ ಮೇಲೆ ನಿಂತೇ ನೋಡಬಹುದು. 2005ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ದಬ್ಬಾಹು ಜ್ವಾಲಾಮುಖಿಯ ಬಳಿ ಸುಮಾರು 60 ಕಿ.ಮೀ. ಉದ್ದಕ್ಕೆ ಶಿಲಾಪಾಕ ನೆಲದಡಿಯ ಬಿರುಕಿಗೆ ನುಗ್ಗಿತು. ಕೆಲವೇ ವಾರಗಳಲ್ಲಿ ನೆಲ ಗರಿಷ್ಠ 8 ಮೀಟರಿನಷ್ಟು ಅಗಲಿತು. ಅಲ್ಲಿ ಫಲಕಗಳು ದೂರ ಸರಿಯುವುದು ವರ್ಷಕ್ಕೆ ಎರಡು ಸೆಂ.ಮೀ.ಯಷ್ಟೂ ಇಲ್ಲ. ಶತಮಾನಗಳ ಸೆಳೆತ ಒಮ್ಮೆಲೇ ಬಿಡುಗಡೆಯಾದದ್ದು ಅದು.


ಮರುಪ್ರಶ್ನೆ: ಭೂಗೋಳಪ್ರಿಯ

ಇಬ್ಬರಿಗೂ ಕೃತಜ್ಞತೆಗಳು. ಒಂದೇ ಗುಂಪಿನ ಅಂಚುಗಳೊಳಗೆ ಇಷ್ಟು ವ್ಯತ್ಯಾಸ ಏಕೆಂಬುದು ಈಗ ಸ್ಪಷ್ಟವಾಗುತ್ತಿದೆ. ಕಡಲಾಳ ಅವರ ಕೊನೆಯ ಮಾತಿನಿಂದ ಮತ್ತೊಂದು ಸಂದೇಹ ಹುಟ್ಟಿತು. ವರ್ಷಕ್ಕೆ ಇಷ್ಟು ಸೆಂಟಿಮೀಟರ್ ಎಂದು ನಾವು ಹೇಳುವ ಚಲನೆ ನೆಲದ ಮೇಲೆ ಪ್ರತಿವರ್ಷವೂ ಅಷ್ಟಷ್ಟೇ ಕಾಣಿಸಿಕೊಳ್ಳುತ್ತದೆಯೇ, ಅಥವಾ ಬೆಟ್ಟಗಳೂ ಕರಾವಳಿಗಳೂ ಭೂಕಂಪವಾದಾಗ ಮಾತ್ರ ಏರುತ್ತವೆಯೇ? ಪಕ್ಕಪಕ್ಕದಲ್ಲಿ ಜಾರುವ ಅಂಚುಗಳ ಬಗ್ಗೆಯೂ ಯಾರಾದರೂ ಬರೆದರೆ ಉಪಕಾರವಾಗುತ್ತದೆ. ಅಲ್ಲಿ ನೆಲ ಏರುವುದೂ ಇಲ್ಲ, ಇಳಿಯುವುದೂ ಇಲ್ಲ ಎಂದಾದರೆ ಮೇಲ್ಮೈಯಲ್ಲಿ ಗುರುತೇ ಉಳಿಯಬಾರದಲ್ಲವೇ?


ಉತ್ತರ: ಕಂಪನಮಾಪಕ

ಫಲಕದ ಒಳಭಾಗ ಪ್ರತಿವರ್ಷ ಸಮನಾಗಿ ಸಾಗುತ್ತದೆ, ಉಪಗ್ರಹ ಆಧಾರಿತ ಅಳತೆಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಆದರೆ ಅಂಚಿನಲ್ಲಿ ಎರಡು ಫಲಕಗಳು ಘರ್ಷಣೆಯಿಂದ ಕಚ್ಚಿಕೊಂಡಿರುತ್ತವೆ. ಹಿಂದಿನಿಂದ ಬರುವ ಚಲನೆಗೆ ದಾರಿಯಿಲ್ಲದೆ ಅಂಚಿನ ಸುತ್ತಲಿನ ನೆಲ ಬಾಗುತ್ತದೆ, ಕುಗ್ಗುತ್ತದೆ, ನಿಧಾನವಾಗಿ ಉಬ್ಬುತ್ತದೆ ಅಥವಾ ತಗ್ಗುತ್ತದೆ. ಕಚ್ಚು ಬಿಟ್ಟ ದಿನ ಭೂಕಂಪವಾಗುತ್ತದೆ, ಆಗ ಬಾಗಿದ ನೆಲ ವಿರುದ್ಧ ದಿಕ್ಕಿಗೆ ಮರಳುತ್ತದೆ. ಆದ್ದರಿಂದ ನೆಲದ ಎತ್ತರ ಎರಡು ರೀತಿಯಲ್ಲಿ ಬದಲಾಗುತ್ತದೆ, ಮತ್ತು ಆ ಎರಡೂ ಹಲವೆಡೆ ಪರಸ್ಪರ ವಿರುದ್ಧವಾಗಿರುತ್ತವೆ ಎಂಬುದೇ ಈ ವಿಷಯದ ಸ್ವಾರಸ್ಯ.

2015ರ ಏಪ್ರಿಲ್ 25ರಂದು ನೇಪಾಳದ ಗೋರ್ಖಾದಲ್ಲಿ ಸಂಭವಿಸಿದ 7.8 ಪರಿಮಾಣದ ಭೂಕಂಪವನ್ನು ಗಮನಿಸಿ. ಭಾರತ ಫಲಕದ ಮೇಲೆ ಹಿಮಾಲಯ ದಕ್ಷಿಣಕ್ಕೆ ಜಾರಿದಾಗ ಕಾಠ್ಮಂಡು ಕಣಿವೆ ಸುಮಾರು ಒಂದು ಮೀಟರ್ ಮೇಲೆದ್ದಿತು, ಆದರೆ ಅದರ ಉತ್ತರಕ್ಕಿರುವ ಎತ್ತರದ ಹಿಮಶಿಖರಗಳ ಪಟ್ಟಿ ಅರ್ಧ ಮೀಟರಿನಷ್ಟು ತಗ್ಗಿತು. ಭೂಕಂಪದಲ್ಲಿ ಶಿಖರಗಳು ತಗ್ಗುವುದಾದರೆ ಅವು ಬೆಳೆಯುವುದು ಯಾವಾಗ? ಭೂಕಂಪಗಳ ನಡುವಿನ ದೀರ್ಘ ಅವಧಿಯಲ್ಲಿ. ಆಗ ಕಚ್ಚಿಕೊಂಡ ಭಾಗದ ಉತ್ತರದಲ್ಲಿ, ಆಳದ ಬಿಸಿಯಲ್ಲಿ ಶಿಲೆ ಮೆಲ್ಲನೆ ಜಾರುತ್ತಲೇ ಇರುವ ಕಡೆ, ಎತ್ತರದ ಪಟ್ಟಿ ವರ್ಷಕ್ಕೆ ಕೆಲವು ಮಿಲಿಮೀಟರ್‌ನಂತೆ ಏರುತ್ತ ಹೋಗುತ್ತದೆ. ಈ ಏರಿಕೆ ಇಳಿಕೆಗಳ ಲೆಕ್ಕ ಕಳೆದ ಮೇಲೆ ಪ್ರತಿ ಆವರ್ತನದಲ್ಲೂ ಉಳಿಯುವ ಸಣ್ಣ ಪಾಲು ಲಕ್ಷಾಂತರ ವರ್ಷಗಳಲ್ಲಿ ಪರ್ವತವಾಗುತ್ತದೆ.

ಕರಾವಳಿಗಳಲ್ಲಿ ಇದು ಇನ್ನೂ ನಿಚ್ಚಳ. 1964ರ ಮಾರ್ಚ್ 27ರಂದು ಅಲಾಸ್ಕದಲ್ಲಿ ಸಂಭವಿಸಿದ 9.2 ಪರಿಮಾಣದ ಭೂಕಂಪದ ಬಳಿಕ ಭೂವಿಜ್ಞಾನಿ ಜಾರ್ಜ್ ಪ್ಲಾಫ್ಕರ್ ಮತ್ತು ಅವರ ಸಂಗಡಿಗರು ತೀರದ ಬಂಡೆಗಳ ಮೇಲೆ ಅಂಟಿಕೊಂಡಿದ್ದ ಬಾರ್ನಕಲ್ ಜೀವಿಗಳ ಪಟ್ಟಿಯನ್ನು ಅಳೆದರು. ಭರತ ಇಳಿತಗಳ ನಡುವಿನ ನಿರ್ದಿಷ್ಟ ಮಟ್ಟದವರೆಗೆ ಮಾತ್ರ ಬದುಕುವ ಈ ಜೀವಿಗಳು ನೀರಿನಿಂದ ಎಷ್ಟು ಮೇಲೆ ಸತ್ತು ಬೆಳ್ಳಗಾಗಿ ಕಾಣುತ್ತವೆಯೋ ನೆಲ ಅಷ್ಟು ಏರಿದೆ ಎಂದರ್ಥ. ಮಾಂಟೆಗ್ಯೂ ದ್ವೀಪದಲ್ಲಿ ಆ ಏರಿಕೆ 9 ಮೀಟರಿಗೂ ಹೆಚ್ಚಿತ್ತು. ಅದೇ ಭೂಕಂಪದಲ್ಲಿ ಒಳನಾಡಿನ ಕಡೆಯ ತೀರಗಳು ಸುಮಾರು 2 ಮೀಟರ್ ಕುಸಿದು, ಉಪ್ಪುನೀರು ನುಗ್ಗಿ ಮರಗಳು ನಿಂತಲ್ಲೇ ಸತ್ತವು. ವಾಷಿಂಗ್ಟನ್ ರಾಜ್ಯದ ಕರಾವಳಿಯ ಜೌಗಿನಲ್ಲಿ ಇಂಥದೇ ಸತ್ತ ಸೀಡರ್ ಮರಗಳು ಇಂದಿಗೂ ನಿಂತಿವೆ. ಅವುಗಳ ಬೆಳವಣಿಗೆಯ ಉಂಗುರಗಳು ಮತ್ತು ಜಪಾನಿನ ದಾಖಲೆಗಳಲ್ಲಿರುವ ಸುನಾಮಿಯ ವಿವರಗಳನ್ನು ಹೊಂದಿಸಿ ನೋಡಿ, ಅಲ್ಲಿನ ನೆಲ ಕುಸಿದದ್ದು 1700ರ ಜನವರಿ 26ರ ಮಹಾಭೂಕಂಪದಲ್ಲಿ ಎಂದು ನಿರ್ಧರಿಸಲಾಗಿದೆ.

ಇನ್ನು ಪಕ್ಕಪಕ್ಕದಲ್ಲಿ ಜಾರುವ ಅಂಚು. ಅಲ್ಲಿ ಹೊಸ ನೆಲ ಹುಟ್ಟುವುದಿಲ್ಲ, ಹಳೆಯ ನೆಲ ಮುಳುಗುವುದೂ ಇಲ್ಲ, ಆದರೆ ಗುರುತುಗಳು ಬೇಕಾದಷ್ಟಿವೆ. ಕ್ಯಾಲಿಫೋರ್ನಿಯಾದ ಕರೀಜೋ ಬಯಲಿನಲ್ಲಿ ವ್ಯಾಲೆಸ್ ಕ್ರೀಕ್ ಎಂಬ ತೊರೆಯಿದೆ. ಬೆಟ್ಟದಿಂದ ನೇರವಾಗಿ ಇಳಿದು ಬರುವ ಅದು ಸಾನ್ ಆಂಡ್ರಿಯಾಸ್ ಸ್ತರಭಂಗವನ್ನು ಮುಟ್ಟುತ್ತಲೇ ತಟ್ಟನೆ ಬಲಕ್ಕೆ ತಿರುಗಿ, ಸ್ತರಭಂಗದ ಗುಂಟ ಸುಮಾರು 130 ಮೀಟರ್ ಸಾಗಿ, ಮತ್ತೆ ತಿರುಗಿ ಮೊದಲಿನ ದಿಕ್ಕಿಗೇ ಹರಿಯುತ್ತದೆ. ತೊರೆಯ ಕೆಳಭಾಗದ ಪಾತ್ರ ಪೆಸಿಫಿಕ್ ಫಲಕದ ಮೇಲಿದ್ದು ಸುಮಾರು 3,700 ವರ್ಷಗಳಲ್ಲಿ ವಾಯವ್ಯಕ್ಕೆ ಅಷ್ಟು ದೂರ ಸರಿದುಹೋಗಿದೆ, ಅಂದರೆ ವರ್ಷಕ್ಕೆ ಸರಿಸುಮಾರು 3.5 ಸೆಂ.ಮೀ. ಫಲಕದ ಚಲನೆಯನ್ನು ಕಣ್ಣಳತೆಯಲ್ಲಿ ಕಾಣುವುದಕ್ಕೆ ಇದಕ್ಕಿಂತ ಉತ್ತಮವಾದ ಸ್ಥಳ ಬೇರೊಂದಿರಲಾರದು.

ಸ್ತರಭಂಗ ಎಲ್ಲಿಯೂ ಪೂರ್ತಿ ನೇರವಾಗಿರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಬಾಗಿದ ಕಡೆ ಚಲನೆ ಒತ್ತಡವಾಗಿ ಬದಲಾದರೆ ಬೆಟ್ಟಗಳು ಏಳುತ್ತವೆ, ಲಾಸ್ ಏಂಜಲಿಸ್‌ನ ಉತ್ತರದ ಬೆಟ್ಟಸಾಲುಗಳು ಹೀಗೆ ಎದ್ದವು. ಸ್ತರಭಂಗದ ಒಂದು ತುಂಡಿನಿಂದ ಇನ್ನೊಂದಕ್ಕೆ ಚಲನೆ ದಾಟುವಾಗ ನಡುವೆ ಸೆಳೆತ ಉಂಟಾದರೆ ನೆಲ ಕುಸಿಯುತ್ತದೆ. ಅರೇಬಿಯಾ ಫಲಕ ಉತ್ತರಕ್ಕೆ ಜಾರುವ ಅಂಚಿನಲ್ಲಿ ಹೀಗೆ ಕುಸಿದ ತಗ್ಗಿನಲ್ಲಿಯೇ ಮೃತ ಸಮುದ್ರವಿದೆ, ಅದರ ದಡ ಸಮುದ್ರಮಟ್ಟಕ್ಕಿಂತ ಸುಮಾರು 430 ಮೀಟರ್ ಕೆಳಗಿದೆ. ಒಣ ನೆಲದ ಮೇಲೆ ಇದಕ್ಕಿಂತ ತಗ್ಗಿನ ಸ್ಥಳ ಭೂಮಿಯಲ್ಲಿಲ್ಲ.


ಉತ್ತರ: ಹಳೆಬೆಟ್ಟ

ಮೇಲಿನ ಉತ್ತರಗಳಲ್ಲಿ ಹೆಚ್ಚು ಪ್ರಸ್ತಾಪವಾಗದ ಎರಡು ಸಂಗತಿಗಳಿವೆ, ಅವನ್ನು ಬಿಟ್ಟರೆ ಭೂಪಟ ಪೂರ್ತಿ ಅರ್ಥವಾಗದು.

ಮೊದಲನೆಯದು ಸವೆತ. ವರ್ಷಕ್ಕೆ 5 ಮಿ.ಮೀ. ಏರಿಕೆಯೆಂದರೆ ಹತ್ತು ಲಕ್ಷ ವರ್ಷಕ್ಕೆ 5 ಕಿ.ಮೀ. ಕೋಟಿಗಟ್ಟಲೆ ವರ್ಷಗಳಿಂದ ಏರುತ್ತಿರುವ ಹಿಮಾಲಯ 9 ಕಿ.ಮೀ.ಯನ್ನೂ ಮುಟ್ಟಿಲ್ಲವೆಂದರೆ ಉಳಿದದ್ದೆಲ್ಲ ಎಲ್ಲಿಗೆ ಹೋಯಿತು? ಅದು ಗಂಗಾ ಬ್ರಹ್ಮಪುತ್ರಗಳ ಬಯಲಾಗಿ, ಅದರಾಚೆ ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 3,000 ಕಿ.ಮೀ. ಉದ್ದಕ್ಕೆ ಹರಡಿದ ಹೂಳಿನ ರಾಶಿಯಾಗಿ ಬಿದ್ದಿದೆ. ಬಯಲೂ ಫಲಕಗಳ ಅಂಚಿನ ಸೃಷ್ಟಿಯೇ ಎಂಬುದು ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಪರ್ವತದ ಭಾರಕ್ಕೆ ಭಾರತ ಫಲಕ ಕೆಳಗೆ ಬಾಗಿ ಉಂಟಾದ ತಗ್ಗನ್ನು ಅದೇ ಪರ್ವತದ ಮಣ್ಣು ತುಂಬಿದೆ, ಕೆಲವೆಡೆ ಆ ಮೆಕ್ಕಲು ಹಲವು ಕಿಲೋಮೀಟರ್ ದಪ್ಪವಿದೆ. ನ್ಯೂಜಿಲೆಂಡಿನ ದಕ್ಷಿಣ ಆಲ್ಪ್ಸ್‌ನಲ್ಲಿ ಈ ಹೋರಾಟ ಇನ್ನೂ ತೀವ್ರ. ಅಲ್ಲಿ ಫಲಕಗಳು ಪಕ್ಕಕ್ಕೆ ಜಾರುತ್ತಲೇ ಒಂದಿಷ್ಟು ಒತ್ತಿಕೊಳ್ಳುವುದರಿಂದ ಪರ್ವತಗಳು ಬಲು ಬೇಗ ಏರುತ್ತವೆ, ಆದರೆ ಪಶ್ಚಿಮದ ಇಳಿಜಾರುಗಳಲ್ಲಿ ವರ್ಷಕ್ಕೆ 10 ಮೀಟರಿಗೂ ಹೆಚ್ಚು ಮಳೆ ಬೀಳುವ ತಾಣಗಳಿದ್ದು, ಏರಿದಷ್ಟನ್ನೂ ನೀರು ಮತ್ತು ಹಿಮನದಿಗಳು ಕೊಚ್ಚಿಕೊಂಡು ಹೋಗುತ್ತವೆ. ಅಲ್ಲಿನ ಅತಿ ಎತ್ತರದ ಶಿಖರ ಆವೊರಾಕಿ 3,724 ಮೀಟರಿನಲ್ಲೇ ನಿಂತಿದೆ.

ಎರಡನೆಯದು ಕಾಲ. ಇಂದಿನ ನಕ್ಷೆಯಲ್ಲಿ ಅಂಚುಗಳಿಲ್ಲದ ಕಡೆಯೂ ಪರ್ವತಗಳಿವೆ. ಯೂರೋಪ್ ಮತ್ತು ಏಷ್ಯಾಗಳ ನಡುವಿನ ಯೂರಲ್ ಶ್ರೇಣಿ ಯಾವ ಫಲಕದ ಅಂಚಿನಲ್ಲೂ ಇಲ್ಲ, ಏಕೆಂದರೆ ಆ ಅಂಚು ಸುಮಾರು 25 ಕೋಟಿ ವರ್ಷಗಳ ಹಿಂದೆಯೇ ಎರಡು ಖಂಡಭಾಗಗಳು ಬೆಸೆದು ಮುಚ್ಚಿಹೋಯಿತು, ಉಳಿದದ್ದು ಸವೆದ ಬೆಸುಗೆ. ಅಮೆರಿಕದ ಅಪಲೇಷಿಯನ್ ಪರ್ವತಗಳೂ ಸ್ಕಾಟ್ಲೆಂಡ್ ಮತ್ತು ನಾರ್ವೆಯ ಬೆಟ್ಟಗಳೂ ಅಟ್ಲಾಂಟಿಕ್ ಹುಟ್ಟುವ ಮೊದಲು ಮುಚ್ಚಿಹೋದ ಹಳೆಯ ಸಾಗರಗಳ ಗುರುತುಗಳು. ಹವಾಯಿಯಂಥ ದ್ವೀಪಗಳ ಮಾತು ಬೇರೆ, ಅವುಗಳ ಶಾಖ ಅಂಚಿನಿಂದ ಬರದೆ ಆಳದ ಮ್ಯಾಂಟಲ್‌ನಿಂದ ನೇರವಾಗಿ ಬರುತ್ತದೆ.

ಅಂಚನ್ನು ಗೆರೆಯೆಂದು ಭಾವಿಸುವುದರಲ್ಲಿಯೂ ತೊಡಕಿದೆ. ಮ್ಯಾಟರ್‌ಹಾರ್ನ್ ಎಂಬ ಯೂರೋಪಿನ ಆಲ್ಪ್ಸ್ ಶಿಖರದ ಮೇಲ್ಭಾಗದ ಶಿಲೆ ಆಫ್ರಿಕಾದ ಕಡೆಯಿಂದ ಬಂದದ್ದು, ಅದರಡಿ ಆಫ್ರಿಕಾ ಯೂರೋಪುಗಳ ನಡುವಿದ್ದ ಸಾಗರದ ತಳದ ಚೂರುಗಳಿವೆ. ಅಲ್ಲಿ ಅಂಚು ಯಾವುದೆಂದು ಕೇಳಿದರೆ ಬೆಟ್ಟವನ್ನೇ ತೋರಿಸಬೇಕಾಗುತ್ತದೆ. ಟಿಬೆಟ್‌ನಿಂದ ಮಧ್ಯ ಏಷ್ಯಾದ ತಿಯಾನ್ ಶಾನ್‌ವರೆಗೆ ಭಾರತದ ಒತ್ತಡಕ್ಕೆ ನೆಲ ಇನ್ನೂ ಮಡಿಚುತ್ತಿದೆ. ಹಿಂದೂ ಮಹಾಸಾಗರದ ನಡುವೆ, ನಕ್ಷೆಗಳು ಒಂದೇ ಫಲಕವೆಂದು ಬಹುಕಾಲ ತೋರಿಸಿದ ಭಾಗದಲ್ಲಿ, 2012ರ ಏಪ್ರಿಲ್ 11ರಂದು ಸುಮಾತ್ರಾದ ಪಶ್ಚಿಮಕ್ಕೆ 8.6 ಪರಿಮಾಣದ ಭೂಕಂಪವಾಗಿ, ಸಾಗರತಳ ಒಂದೇ ಬಾರಿಗೆ ಹಲವು ಸ್ತರಭಂಗಗಳ ಗುಂಟ ಅಡ್ಡಡ್ಡಲಾಗಿ ಸೀಳಿತು. ಭಾರತ ಮತ್ತು ಆಸ್ಟ್ರೇಲಿಯಾದ ಭಾಗಗಳು ಬೇರೆ ಬೇರೆ ವೇಗದಲ್ಲಿ ಸಾಗುತ್ತ ಅಲ್ಲಿ ಹೊಸ ಅಂಚೊಂದು ರೂಪುಗೊಳ್ಳುತ್ತಿದೆ ಎಂದು ಹಲವು ಭೂವಿಜ್ಞಾನಿಗಳು ತಿಳಿಯುತ್ತಾರೆ. ಸದ್ಯಕ್ಕೆ ಅದು ನೂರಾರು ಕಿಲೋಮೀಟರ್ ಅಗಲಕ್ಕೆ ಚದುರಿದ ಬಿರುಕುಗಳ ಪ್ರದೇಶ, ಅದರ ಮೇಲೆ ಒಂದೇ ಗೆರೆ ಎಳೆಯಲು ಬರುವುದಿಲ್ಲ.